ಬ್ಯಾಂಕ್ಸ್ ತೀರಿಕೊಂಡ ಫೆಬ್ರವರಿ

12 ಫೆಬ್ರವರಿ 2019, ಮಂಗಳವಾರ
ಸ್ಟೋಕ್-ಆನ್-ಟ್ರೆಂಟ್

ಗೋಲ್‌ಕೀಪರ್ ಗಾರ್ಡನ್ ಬ್ಯಾಂಕ್ಸ್ ತೀರಿಕೊಂಡರು. ರಾತ್ರಿ ನಿದ್ದೆಯಲ್ಲೇ ಪ್ರಾಣ ಹೋಯಿತಂತೆ. ಮನೆಯವರು ಸ್ಟೋಕ್ ಸಿಟಿ ಕ್ಲಬ್ಬಿನ ಮೂಲಕ ಸುದ್ದಿ ತಿಳಿಸಿದ್ದಾರೆ. 81 ವರ್ಷವಾಗಿತ್ತು. ಮೂತ್ರಪಿಂಡದ ಕ್ಯಾನ್ಸರ್ ಎರಡನೆಯ ಸಲ ಬಂದಿದೆ ಎಂದು 2015ರ ಕೊನೆಯಲ್ಲೇ ಅವರು ಹೇಳಿಕೊಂಡಿದ್ದರು. ಒಂದು ಕಿಡ್ನಿ ಅದಕ್ಕೆ ಹತ್ತು ವರ್ಷ ಮೊದಲೇ ಹೋಗಿತ್ತು. ಆ ಕಾಯಿಲೆ ಎತ್ತ ಹೋಗುತ್ತದೆ ಎಂದು ವೈದ್ಯನಾದ ನನಗೆ ಗೊತ್ತಿಲ್ಲದ್ದೇನಲ್ಲ. ಆದರೂ ಇವತ್ತು ಊಟ ಸೇರಲಿಲ್ಲ. ಇವಳು ತಟ್ಟೆ ಎತ್ತಿಕೊಂಡು ಹೋದಳು, ಏನೂ ಕೇಳಲಿಲ್ಲ.

ಟಿ.ವಿ.ಯ ಯಾವ ಚಾನೆಲ್ ಹಾಕಿದರೂ ಅದೇ ಹತ್ತು ಸೆಕೆಂಡು. 1970ರ ಜೂನ್ 7, ಮೆಕ್ಸಿಕೋದ ಗ್ವಾದಲಹಾರ, ವಿಶ್ವಕಪ್‌ನಲ್ಲಿ ಇಂಗ್ಲೆಂಡ್-ಬ್ರೆಜಿಲ್ ಪಂದ್ಯ. ಜೈರ್‌ಜಿನ್ಹೋ ಬಲಗಡೆಯಿಂದ ಚೆಂಡು ತೂರುತ್ತಾರೆ, ಪೆಲೆ ಎಲ್ಲರಿಗಿಂತ ಮೇಲೆ ಹಾರಿ ಹಣೆಯಿಂದ ಅದನ್ನು ನೆಲಕ್ಕೆ ಬಡಿಯುತ್ತಾರೆ, ಬ್ಯಾಂಕ್ಸ್ ಗೋಲಿನ ಆ ತುದಿಯಿಂದ ಈ ತುದಿಗೆ ಓಡಿಬಂದು ಕೈ ಚಾಚುತ್ತಾರೆ, ಚೆಂಡು ಕ್ರಾಸ್‌ಬಾರ್ ದಾಟಿ ಮೇಲೆ ಹೋಗುತ್ತದೆ. ಲೋಕ ಅವರನ್ನು ಇದರಿಂದಲೇ ನೆನೆಯಲಿ, ತಪ್ಪಿಲ್ಲ. ಫುಟ್‌ಬಾಲ್‌ನಲ್ಲಿ ಅದಕ್ಕಿಂತ ದೊಡ್ಡ ತಡೆಯನ್ನು ನಾನಂತೂ ಕಂಡಿಲ್ಲ.

ಆದರೆ ರೇಡಿಯೋ ಸ್ಟೋಕ್‌ಗೆ ಫೋನ್ ಮಾಡಿದ ಈ ಊರಿನ ಜನ ಬೇರೆಯೇ ಮಾತಾಡುತ್ತಿದ್ದರು. ಒಬ್ಬ ಹೆಂಗಸು, ದನಿ ಕೇಳಿದರೆ ಎಪ್ಪತ್ತು ದಾಟಿರಬೇಕು, ತನ್ನ ಮಗ ಸಣ್ಣವನಿದ್ದಾಗ ಮಳೆಯಲ್ಲಿ ಆಟೋಗ್ರಾಫ್‌ಗೆ ಕಾದದ್ದನ್ನು ಹೇಳಿದರು. ಬ್ಯಾಂಕ್ಸ್ ಕಾರಿನಿಂದ ಇಳಿದು ಬಂದು ಸಾಲಿನಲ್ಲಿದ್ದ ಪ್ರತಿಯೊಂದು ಮಗುವಿಗೂ ಸಹಿ ಹಾಕಿಯೇ ಹೊರಟರಂತೆ. ಪೆಲೆಯ ಹೆಸರು ಆಕೆಯ ಬಾಯಲ್ಲಿ ಬರಲೇ ಇಲ್ಲ.

13 ಫೆಬ್ರವರಿ, ಬುಧವಾರ

ಸ್ಟೋಕ್ ಇವತ್ತು ವಿಗನ್‌ನಲ್ಲಿ ಆಡಿತು. ಎರಡೂ ಕಡೆ ಗೋಲಿಲ್ಲ. ಕೆಟ್ಟ ಪಂದ್ಯ. ಆದರೆ ನಮ್ಮ ಗೋಲಿಗೆ ಒಂದೂ ಬೀಳಲಿಲ್ಲವಲ್ಲ, ಇವತ್ತಿನ ದಿನ ಅಷ್ಟಾದರೂ ಆಯಿತು.

ಪೆಲೆ ಬರೆದದ್ದು ಪತ್ರಿಕೆಯಲ್ಲಿ ಬಂದಿದೆ. ಆ ಚೆಂಡನ್ನು ಬ್ಯಾಂಕ್ಸ್ ತಡೆದದ್ದು ತನಗೆ ಸಂತೋಷ, ಏಕೆಂದರೆ ತಮ್ಮಿಬ್ಬರ ಸ್ನೇಹ ಶುರುವಾದದ್ದೇ ಅಲ್ಲಿಂದ ಎಂಬ ಅರ್ಥದ ಮಾತು. ಎರಡು ಸಲ ಓದಿದೆ.

14 ಫೆಬ್ರವರಿ, ಗುರುವಾರ

ಪಕ್ಕದ ಮನೆಯವರ ಜೊತೆ ಸ್ಟೇಡಿಯಂಗೆ ಹೋಗಿಬಂದೆ. ಅವರಿಗೆ ಎಂಬತ್ತರ ಹತ್ತಿರ. ಬದುಕಿನ ಬಹುಭಾಗ ಪಿಂಗಾಣಿ ಕಾರ್ಖಾನೆಯ ಗೂಡಿನ ಮುಂದೆ ಕಳೆದವರು. ಮಂಡಿ ಎರಡೂ ಹೋಗಿವೆ, ಕೋಲು ಹಿಡಿದು ನಡೆಯುತ್ತಾರೆ. ಕಾರಿನಲ್ಲಿ ಬಾಗಿಲ ತನಕ ಬಿಡುತ್ತೇನೆ ಎಂದರೆ ಕೇಳಲಿಲ್ಲ. "ಇವತ್ತು ನಡೆದೇ ಹೋಗೋದು, ಡಕ್" ಎಂದರು. ಇಲ್ಲಿ ಎಲ್ಲರೂ ಎಲ್ಲರನ್ನೂ ಹಾಗೆಯೇ ಕರೆಯುತ್ತಾರೆ, ಅಂಗಡಿಯವಳೂ, ಬಸ್ಸಿನವನೂ. ನಾನು ಈ ಊರಿಗೆ ಬಂದ ಮೊದಲ ವಾರದಲ್ಲಿ ನನ್ನನ್ನು ಹಾಗೆ ಕರೆದವನು ಆಸ್ಪತ್ರೆಯ ಒಬ್ಬ ಪೋರ್ಟರ್. ಶನಿವಾರ ನನ್ನನ್ನು ಸ್ಟೋಕ್ ಆಗ ಆಡುತ್ತಿದ್ದ ವಿಕ್ಟೋರಿಯಾ ಗ್ರೌಂಡ್‌ಗೆ ಕರೆದುಕೊಂಡು ಹೋದವನೂ ಅವನೇ.

ಅಲ್ಲಿರುವ ಬ್ಯಾಂಕ್ಸ್ ಪ್ರತಿಮೆಯ ಕಾಲಬುಡ ಕಾಣುತ್ತಿರಲಿಲ್ಲ. ಕೆಂಪು-ಬಿಳಿ ಸ್ಕಾರ್ಫು, ಹೂಗುಚ್ಛ, ಹಳೆಯ ಜರ್ಸಿ, ಮಕ್ಕಳು ಬಣ್ಣದ ಪೆನ್ಸಿಲ್‌ನಲ್ಲಿ ಬರೆದ ಚಿತ್ರ. ಲೆಸ್ಟರ್‌ನಿಂದ ಬಂದವರು ತಮ್ಮ ನೀಲಿ ಸ್ಕಾರ್ಫನ್ನೂ ಕಟ್ಟಿ ಹೋಗಿದ್ದರು. ಸರಿಯೇ. ಎಂಟು ವರ್ಷ ಅವರ ಗೋಲು ಕಾದವರಲ್ಲವೆ. 1959ರಲ್ಲಿ ಚೆಸ್ಟರ್‌ಫೀಲ್ಡ್‌ನಿಂದ 7,000 ಪೌಂಡಿಗೆ ಲೆಸ್ಟರ್ ಅವರನ್ನು ಕೊಂಡಿತು. ಎರಡು ಎಫ್‌.ಎ. ಕಪ್ ಫೈನಲ್‌ ಆಡಿ ಎರಡರಲ್ಲೂ ಸೋತರು. 1964ರಲ್ಲಿ ಲೀಗ್ ಕಪ್ ಗೆದ್ದರು, ಅದೂ ನಮ್ಮ ಸ್ಟೋಕ್ ವಿರುದ್ಧವೇ. 1966ರಲ್ಲಿ ಇಂಗ್ಲೆಂಡಿಗೆ ವಿಶ್ವಕಪ್ ಗೆದ್ದುಕೊಟ್ಟರು. ಮರುವರ್ಷ ಏಪ್ರಿಲ್‌ನಲ್ಲಿ ಲೆಸ್ಟರ್ ಅವರನ್ನು 50,000 ಪೌಂಡಿಗೆ ಮಾರಿತು, ಪೀಟರ್ ಶಿಲ್ಟನ್ ಎಂಬ ಹದಿನೇಳರ ಹುಡುಗ ಬಾಗಿಲಲ್ಲಿ ನಿಂತಿದ್ದ ಎಂಬ ಕಾರಣಕ್ಕೆ. ವಿಶ್ವಕಪ್ ಗೆದ್ದ ಗೋಲ್‌ಕೀಪರನ್ನು, ಇನ್ನೂ ಮೂವತ್ತು ತುಂಬದವರನ್ನು, ಒಂಬತ್ತು ತಿಂಗಳೊಳಗೆ ಸಾಗಹಾಕುವುದೆಂದರೆ! ದೊಡ್ಡ ಕ್ಲಬ್ಬುಗಳು ಮೀನಮೇಷ ಎಣಿಸುತ್ತಿದ್ದಾಗ ನಮ್ಮ ಟೋನಿ ವಾಡಿಂಗ್ಟನ್ ಹಣ ಕೊಟ್ಟು ಕರೆದುಕೊಂಡು ಬಂದರು. ಈ ಊರು ಆ ಮನುಷ್ಯನಿಗೆ ಋಣಿಯಾಗಿರುವುದು ಎಷ್ಟೋ ಕಾರಣಕ್ಕೆ. ಇದು ಅದರಲ್ಲಿ ಮೊದಲನೆಯದು.

2008ರಲ್ಲಿ ಈ ಪ್ರತಿಮೆಯನ್ನು ಅನಾವರಣ ಮಾಡಲು ಪೆಲೆಯೇ ಬಂದಿದ್ದರು, ಜೊತೆಗೆ ಆರ್ಚ್‌ಬಿಷಪ್ ಡೆಸ್ಮಂಡ್ ಟುಟು. ಸ್ಟೋಕಿನ ಬೀದಿಯಲ್ಲಿ ಪೆಲೆ! ಅವತ್ತಿನ ಸಡಗರ ಇವತ್ತಿಗೂ ಕಣ್ಣಿಗೆ ಕಟ್ಟಿದೆ.

ಪಕ್ಕದ ಮನೆಯವರು ಕೋಲನ್ನು ನನ್ನ ಕೈಗೆ ಕೊಟ್ಟು, ಟೋಪಿ ತೆಗೆದು, ತುಂಬಾ ಹೊತ್ತು ನಿಂತರು. ಆಮೇಲೆ ಅಪರಿಚಿತರೊಬ್ಬರು ಹತ್ತಿರ ಬಂದು, "ನೀವು ಅಪ್ಟನ್ ಪಾರ್ಕ್‌ಗೆ ಹೋಗಿದ್ದಿರಾ?" ಎಂದು ಕೇಳಿದರು. ಅಷ್ಟೇ ಕೇಳಿದ್ದು. ಇಬ್ಬರೂ ಅಲ್ಲೇ ಬೆಂಚಿನ ಮೇಲೆ ಕೂತುಬಿಟ್ಟರು.

17 ಫೆಬ್ರವರಿ, ಭಾನುವಾರ

ಬೆಳಿಗ್ಗೆ ಮನೆಯಲ್ಲಿ ಐದಾರು ಜನ ಸೇರಿದರು. ಎಲ್ಲ ವಿಕ್ಟೋರಿಯಾ ಗ್ರೌಂಡಿನ ಬೂಥೆನ್ ಎಂಡಿನಲ್ಲಿ ನಿಂತು ಪಂದ್ಯ ನೋಡಿದವರು. ಇವಳು ಅಂಗಡಿಯಿಂದ ಓಟ್‌ಕೇಕ್ ತರಿಸಿ ಚೀಸ್ ಹಾಕಿ ಬಿಸಿ ಮಾಡಿ ಕೊಟ್ಟಳು. ನಮ್ಮ ಗೋಧಿ ದೋಸೆಯ ಹಾಗಿರುವ ಈ ತಿಂಡಿ ಇಲ್ಲದೆ ಈ ಜಿಲ್ಲೆಯಲ್ಲಿ ಭಾನುವಾರ ಬೆಳಗಾಗುವುದಿಲ್ಲ.

ಮಾತು ಹೋದದ್ದು 1971ರ ಡಿಸೆಂಬರ್‌ಗೆ. ಲೀಗ್ ಕಪ್ ಸೆಮಿಫೈನಲ್, ವೆಸ್ಟ್ ಹ್ಯಾಮ್ ವಿರುದ್ಧ. ಮೊದಲ ಪಂದ್ಯ ನಮ್ಮಲ್ಲಿ, 2-1ರಿಂದ ಸೋತೆವು. ಜೆಫ್ ಹರ್ಸ್ಟ್ ಪೆನಾಲ್ಟಿಯೊಂದನ್ನು ಬ್ಯಾಂಕ್ಸ್‌ಗೆ ಕೈ ಎತ್ತಲು ಬಿಡದ ಹಾಗೆ ಹೊಡೆದಿದ್ದರು. ವಾರದ ಮೇಲೆ ಲಂಡನ್ನಿನ ಅಪ್ಟನ್ ಪಾರ್ಕ್‌ನಲ್ಲಿ ಜಾನ್ ರಿಚಿ ಒಂದು ಗೋಲು ಹೊಡೆದು ಲೆಕ್ಕ ಸಮ ಮಾಡಿದರು. ಹೆಚ್ಚುವರಿ ಸಮಯ. ಇನ್ನೇನು ಮುಗಿಯಿತು ಎನ್ನುವಾಗ ವೆಸ್ಟ್ ಹ್ಯಾಮ್‌ಗೆ ಪೆನಾಲ್ಟಿ. ಮತ್ತೆ ಹರ್ಸ್ಟ್. ವಿಶ್ವಕಪ್ ಫೈನಲ್‌ನಲ್ಲಿ ಮೂರು ಗೋಲು ಹೊಡೆದ ಹರ್ಸ್ಟ್. ಇಂಗ್ಲೆಂಡಿನ ಅಭ್ಯಾಸದಲ್ಲಿ ಬ್ಯಾಂಕ್ಸ್‌ಗೆ ಎಷ್ಟು ಸಲ ಹೊಡೆದಿದ್ದರೋ ಲೆಕ್ಕವಿಲ್ಲ. ಇಬ್ಬರೂ ಒಬ್ಬರನ್ನೊಬ್ಬರು ಒಳಗೂ ಹೊರಗೂ ಬಲ್ಲವರು. ದೂರದಿಂದ ಓಡಿಬಂದು, ಹೋದ ವಾರದಂತೆಯೇ ಬಲವಾಗಿ, ಅದೇ ಕಡೆಗೆ ಹೊಡೆದರು. ಬ್ಯಾಂಕ್ಸ್ ಆ ಕಡೆಗೇ ಹಾರಿದ್ದರು. ಚೆಂಡು ಕೈಗೆ ಬಡಿದು ಬಾರಿನ ಮೇಲೆ ಹೋಯಿತು.

ನಾನು ಅವತ್ತು ರಾತ್ರಿ ಡ್ಯೂಟಿಯಲ್ಲಿದ್ದೆ. ಪೋರ್ಟರ್ ಮೆಟ್ಟಿಲು ಹತ್ತಿ ಓಡಿಬಂದು ವಾರ್ಡಿನ ಬಾಗಿಲಲ್ಲಿ ನಿಂತ. ರೋಗಿಗಳಿಗೆ ನಿದ್ದೆ ಕೆಡುತ್ತದೆ ಎಂದು ಬಾಯಿ ಬಿಡದೆ ಎರಡೂ ಕೈ ಮೇಲಕ್ಕೆ ತಳ್ಳಿ ತೋರಿಸಿದ. ಮಲಗಿದ್ದವರಲ್ಲಿ ಒಬ್ಬರಿಗೂ ನಿದ್ದೆ ಬಂದಿರಲಿಲ್ಲ. ಒಂದು ಹಾಸಿಗೆಯಿಂದ ಇನ್ನೊಂದಕ್ಕೆ ಸುದ್ದಿ ಹೋದ ವೇಗ ನೋಡಬೇಕಿತ್ತು. ಧೂಳು ತುಂಬಿದ ಶ್ವಾಸಕೋಶದ ಗಣಿ ಕೆಲಸಗಾರರು, ಮಾತಾಡಲು ಉಸಿರು ಸಾಲದವರು, ಮಂಚದ ಕಂಬಿ ಬಡಿಯತೊಡಗಿದರು. ಸಿಸ್ಟರ್ ಗದರಲಿಲ್ಲ.

ಅಲ್ಲಿಗೆ ಮುಗಿಯಲಿಲ್ಲ. ಶೆಫೀಲ್ಡ್‌ನ ಹಿಲ್ಸ್‌ಬರೋದಲ್ಲಿ ಮರುಪಂದ್ಯ, ಗೋಲಿಲ್ಲ. ಮತ್ತೆ ಮ್ಯಾಂಚೆಸ್ಟರ್‌ನ ಓಲ್ಡ್ ಟ್ರಾಫರ್ಡ್‌ನಲ್ಲಿ ಇನ್ನೊಂದು, ಜನವರಿ 26ಕ್ಕೆ, ಕೆಸರಿನಲ್ಲಿ. ವೆಸ್ಟ್ ಹ್ಯಾಮ್‌ನ ಗೋಲ್‌ಕೀಪರ್‌ಗೆ ಏಟು ಬಿದ್ದು ಬಾಬಿ ಮೂರ್ ಗೋಲಿಗೆ ನಿಂತರು. ನಮ್ಮ ಮೈಕ್ ಬರ್ನಾರ್ಡ್‌ನ ಪೆನಾಲ್ಟಿಯನ್ನು ತಡೆದೂಬಿಟ್ಟರು. ತಿರುಗಿ ಬಂದ ಚೆಂಡನ್ನು ಬರ್ನಾರ್ಡ್ ಒಳಗೆ ತಳ್ಳಿದ. ಕೊನೆಗೆ 3-2. ಫೈನಲ್!

ಆ ತಿಂಗಳುಗಳನ್ನು ಬಲ್ಲವರಿಗೇ ಅದರ ಅರ್ಥ ಗೊತ್ತು. ಜನವರಿ 9ರಿಂದ ಗಣಿ ಕಾರ್ಮಿಕರ ಮುಷ್ಕರ. ಸರದಿಯ ಮೇಲೆ ಕರೆಂಟು ತೆಗೆಯುತ್ತಿದ್ದರು, ಮೇಣದಬತ್ತಿ ಸಿಗುತ್ತಿರಲಿಲ್ಲ. ಈ ಜಿಲ್ಲೆಯಲ್ಲಿ ಗಣಿಯವರು ಒಂದು ಕಡೆ, ಕುಂಬಾರಿಕೆಯವರು ಒಂದು ಕಡೆ. ಗೂಡು ಉರಿಯದಿದ್ದರೆ ಇಬ್ಬರಿಗೂ ಕೂಲಿಯಿಲ್ಲ. ಫೆಬ್ರವರಿ 28ಕ್ಕೆ ಮುಷ್ಕರ ಮುಗಿಯಿತು. ಅದೇ ವಾರದ ಶನಿವಾರ, ಮಾರ್ಚ್ 4, ಇಡೀ ಊರು ವೆಂಬ್ಲಿಗೆ ಹೊರಟಿತು. ಇಲ್ಲಿ ಕೂತಿದ್ದವರಲ್ಲಿ ಒಬ್ಬರು ಗಣಿಯಲ್ಲಿದ್ದವರು. ಮುಷ್ಕರ ಮುಗಿದ ಮೇಲೆ ಕೈಗೆ ಬಂದ ಮೊದಲ ದುಡ್ಡು ರೈಲಿನ ಟಿಕೆಟ್ಟಿಗೇ ಹೋಯಿತು ಎಂದರು. ಬ್ಯಾಂಕ್ಸ್ ಕೂಡ ಹದಿನೈದಕ್ಕೆ ಶಾಲೆ ಬಿಟ್ಟು ಶೆಫೀಲ್ಡ್ ಕಡೆ ಕಲ್ಲಿದ್ದಲು ಮಾರುವವನ ಹತ್ತಿರ ಮೂಟೆ ಕಟ್ಟಿದವರು, ಆಮೇಲೆ ಇಟ್ಟಿಗೆ ಹೊತ್ತವರು. "ನಮ್ಮವನು" ಎಂದು ಅವರನ್ನು ಗಣಿಯವರು ಕರೆದರೆ ಅದರಲ್ಲಿ ಉತ್ಪ್ರೇಕ್ಷೆ ಇರಲಿಲ್ಲ.

ಚೆಲ್ಸಿಯನ್ನು 2-1ರಿಂದ ಸೋಲಿಸಿದೆವು. ಟೆರಿ ಕಾನ್ರಾಯ್ ಒಂದು, ಮೂವತ್ತೈದು ವರ್ಷದ ಜಾರ್ಜ್ ಈಸ್ಟ್‌ಹ್ಯಾಮ್ ಇನ್ನೊಂದು. ಕೊನೆಯ ಗಳಿಗೆಯಲ್ಲಿ ಬರ್ನಾರ್ಡ್ ಹಿಂದಕ್ಕೆ ಕೊಟ್ಟ ಚೆಂಡು ಬ್ಯಾಂಕ್ಸ್‌ವರೆಗೆ ಬರಲಿಲ್ಲ. ಚೆಲ್ಸಿಯ ಕ್ರಿಸ್ ಗಾರ್ಲಂಡ್ ನುಗ್ಗಿದರು. ಬ್ಯಾಂಕ್ಸ್ ಅವರ ಕಾಲಿಗೇ ಬಿದ್ದು ತಡೆದರು. 1863ರಲ್ಲಿ ಹುಟ್ಟಿದ್ದು ಎಂದು ಹೇಳಿಕೊಳ್ಳುವ ಕ್ಲಬ್ಬಿಗೆ ಅದೇ ಮೊದಲ ದೊಡ್ಡ ಕಪ್ಪು. ಇವತ್ತಿನವರೆಗೆ ಅದೇ ಕೊನೆಯದೂ.

ಇವತ್ತು ನಾನು ಕೇಳಿದೆ: ಪೆಲೆಯದ್ದನ್ನು ತಡೆದದ್ದು ದೊಡ್ಡದೋ, ಹರ್ಸ್ಟ್‌ದೋ? ಒಬ್ಬರೂ ಯೋಚನೆ ಮಾಡಲಿಲ್ಲ. ಹರ್ಸ್ಟ್‌ದು. ಇದು ಊರಿನ ಅಭಿಮಾನ ಮಾತ್ರವಲ್ಲ. ಪೆಲೆಯ ಚೆಂಡು ತಡೆದ ಆ ಪಂದ್ಯವನ್ನು ಇಂಗ್ಲೆಂಡ್ 1-0ರಿಂದ ಸೋತಿತು. ಹರ್ಸ್ಟ್‌ನ ಚೆಂಡು ಒಳಗೆ ಹೋಗಿದ್ದರೆ ವೆಂಬ್ಲಿ ಇಲ್ಲ, ಕಪ್ಪಿಲ್ಲ, ತೆರೆದ ಬಸ್ಸಿನಲ್ಲಿ ಮೆರವಣಿಗೆಯಿಲ್ಲ. ಮಂಚದ ಕಂಬಿ ಬಡಿದ ಆ ಮನುಷ್ಯರಲ್ಲಿ ಕೆಲವರು ಮುಂದಿನ ಚಳಿಗಾಲ ನೋಡಲಿಲ್ಲ. ಅವರು ಕಪ್ಪು ನೋಡಿ ಹೋದರು.

19 ಫೆಬ್ರವರಿ, ಮಂಗಳವಾರ

ಬೆಂಗಳೂರಿನಿಂದ ತಮ್ಮ ಫೋನ್ ಮಾಡಿದ್ದ. "ಅಣ್ಣಾ, ಪೆಲೆ ಹೊಡೆದದ್ದನ್ನ ಹಿಡಿದೋನು ಹೋಗ್ಬಿಟ್ನಂತಲ್ಲ" ಎಂದ. ಹಿಡಿಯಲಿಲ್ಲ ಕಣೋ, ತಳ್ಳಿದ್ದು ಎಂದೆ. ಹಲಸೂರಿನ ಗೌತಮಪುರದಲ್ಲಿ ಅಂಬೇಡ್ಕರ್, ಬುದ್ಧ, ಮದರ್ ತೆರೇಸಾ ಜೊತೆಗೆ ಪೆಲೆಯ ಪ್ರತಿಮೆಯೂ ಇದೆ. ಹೋದ ಸಲ ಊರಿಗೆ ಹೋದಾಗ ಅವನೇ ತೋರಿಸಿದ್ದ. ಆ ಗಲ್ಲಿಯ ಹುಡುಗರಿಗೆ ಬ್ಯಾಂಕ್ಸ್ ಯಾರೆಂದು ಹೇಳಬೇಕಾಗಿಲ್ಲವಂತೆ. ಪೆಲೆಯ ಕಥೆ ಗೊತ್ತಿರುವವರಿಗೆ ಬ್ಯಾಂಕ್ಸ್ ಗೊತ್ತಿರಲೇಬೇಕು.

ತಮ್ಮನ ಮಾತಿನಿಂದ ಅಪ್ಪನ ನೆನಪಾಯಿತು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ನಮ್ಮ ತಂಡ, ಬಹುಪಾಲು ಬರಿಗಾಲಲ್ಲಿ, ಫ್ರಾನ್ಸ್‌ಗೆ 2-1ರಿಂದ ಸೋತದ್ದನ್ನು ಅಪ್ಪ ಯಾವಾಗಲೂ ಹೇಳುತ್ತಿದ್ದರು. ನಮ್ಮ ಒಂದು ಗೋಲು ಹೊಡೆದವರು ಬೆಂಗಳೂರಿನ ಸಾರಂಗಪಾಣಿ ರಾಮನ್. ಗೋಲು ಕಾದವರು ಮೈಸೂರು ಸಂಸ್ಥಾನದ ವರದರಾಜ್. ಅಪ್ಪ ರಾಮನ್‌ರ ಹೆಸರನ್ನು ಒಂದು ಸಲ ಹೇಳಿದರೆ ವರದರಾಜ್ ಹೆಸರನ್ನು ಎರಡು ಸಲ ಹೇಳುವರು. ಗೋಲಿ ಕಡೆಗೆ ನನ್ನ ಕಣ್ಣು ಹೋಗುವುದು ಅಲ್ಲಿಂದಲೇ ಬಂದದ್ದಿರಬೇಕು.

23 ಫೆಬ್ರವರಿ, ಶನಿವಾರ

ಬ್ಯಾಂಕ್ಸ್ ಹೋದ ಮೇಲೆ ನಮ್ಮ ನೆಲದಲ್ಲಿ ಮೊದಲ ಪಂದ್ಯ, ಆಸ್ಟನ್ ವಿಲ್ಲಾ ವಿರುದ್ಧ. ಮೊದಲು ಮೌನವಲ್ಲ, ಚಪ್ಪಾಳೆ. ವಿಲ್ಲಾದವರೂ ಎದ್ದು ನಿಂತು ತಟ್ಟಿದರು. ನನ್ನ ಮುಂದಿನ ಸಾಲಿನಲ್ಲಿ ಒಬ್ಬ ಅಪ್ಪ ಆರೇಳು ವರ್ಷದ ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡಿದ್ದ. ಚಪ್ಪಾಳೆ ಯಾರಿಗೆ ಎಂದು ಅವಳು ಕೇಳಿದಳು. "ನಿನ್ನ ಮುತ್ತಾತನ ಗೋಲ್‌ಕೀಪರ್‌ಗೆ" ಎಂದ.

ಪಂದ್ಯ 1-1. ಬರೆಯುವಂಥದ್ದೇನಿಲ್ಲ.

27 ಫೆಬ್ರವರಿ, ಬುಧವಾರ

ಅಪಘಾತದ ಬಗ್ಗೆ ಬರೆಯಬೇಕೆಂದು ಎರಡು ವಾರದಿಂದ ಅನ್ನಿಸುತ್ತಿದೆ.

1972ರ ಅಕ್ಟೋಬರ್ 22, ಭಾನುವಾರ. ಹಿಂದಿನ ದಿನ ಲಿವರ್‌ಪೂಲ್‌ನಲ್ಲಿ ಆಡಿದ್ದರು. ಏಟಿಗೆ ಚಿಕಿತ್ಸೆ ಮುಗಿಸಿಕೊಂಡು ಮನೆಗೆ ಹೋಗುವಾಗ ಹಳ್ಳಿಯ ರಸ್ತೆಯಲ್ಲಿ ಎದುರು ಬಂದ ವ್ಯಾನಿಗೆ ಕಾರು ಡಿಕ್ಕಿಯಾಯಿತು. ಗಾಜಿನ ಚೂರು ಬಲಗಣ್ಣಿಗೆ ಹೊಕ್ಕಿತ್ತು. ಆ ವರ್ಷವೇ ಫುಟ್‌ಬಾಲ್ ಬರಹಗಾರರು ಅವರನ್ನು ವರ್ಷದ ಆಟಗಾರ ಎಂದು ಆರಿಸಿದ್ದರು. ವಯಸ್ಸು 34. ಗೋಲ್‌ಕೀಪರ್‌ಗೆ ಅದು ಹಣ್ಣಾಗುವ ವಯಸ್ಸು.

ಆಗ ನಾನು ಊರಿನ ಇನ್ನೊಂದು ಮೂಲೆಯಲ್ಲಿ ಸಣ್ಣ ಡಾಕ್ಟರ್. ಸೋಮವಾರ ಬೆಳಿಗ್ಗೆ ಕ್ಲಿನಿಕ್ಕಿಗೆ ಬಂದವರು ತಮ್ಮ ಕಾಯಿಲೆ ಹೇಳುತ್ತಿರಲಿಲ್ಲ. "ಕಣ್ಣು ಉಳಿಯುತ್ತದೆಯೇ?" ಎಂದು ಕೇಳುವರು. ಒಬ್ಬ ಮುದುಕ ನನ್ನ ಮೇಜಿನ ಅಂಚು ಹಿಡಿದು, ತನ್ನ ಒಂದು ಕಣ್ಣು ತೆಗೆದು ಅವರಿಗೆ ಇಡಲು ಆಗುತ್ತದೆಯೇ ಎಂದು ಕೇಳಿದ. ತಮಾಷೆಗಲ್ಲ. ಕೆಲಸ ಬಿಟ್ಟವನಿಗೆ ಎರಡು ಕಣ್ಣು ಯಾಕೆ, ಒಂದು ಸಾಕು ಎಂದ. ಹಾಗೆ ಆಗುವುದಿಲ್ಲ, ಕಣ್ಣನ್ನು ಇಡಿಯಾಗಿ ಬದಲಿಸಲು ಬರುವುದಿಲ್ಲ ಎಂದು ವಿವರಿಸಿದೆ. ಪೂರ್ತಿ ಕೇಳಿಸಿಕೊಂಡು, "ಬರೆದುಕೊಳ್ಳಿ, ಮುಂದೆ ಬಂದರೆ ಇರಲಿ" ಎಂದು ಹೆಸರು ವಿಳಾಸ ಕೊಟ್ಟು ಹೋದ. ಒಬ್ಬ ಆಟಗಾರನನ್ನು ಜನ ಇಷ್ಟು ಪ್ರೀತಿಸಿದ್ದನ್ನು ನಾನು ಮತ್ತೆ ಎಲ್ಲೂ ನೋಡಿಲ್ಲ.

ದೃಷ್ಟಿ ತಿರುಗಿ ಬರಲಿಲ್ಲ. 1973ರ ಬೇಸಿಗೆಯಲ್ಲಿ ಆಟ ಬಿಟ್ಟರು. ಇಂಗ್ಲೆಂಡ್ ಪರವಾಗಿ ಆಡಿದ್ದು 73 ಪಂದ್ಯ. 35ರಲ್ಲಿ ಎದುರಾಳಿಗೆ ಒಂದೂ ಗೋಲು ಬಿಟ್ಟುಕೊಡಲಿಲ್ಲ.

ಒಂದು ಕಣ್ಣು ಹೋದರೆ ಏನು ಹೋಗುತ್ತದೆ ಎನ್ನುವುದನ್ನು ನನ್ನ ವೃತ್ತಿಯವನು ಹೇಳಬಲ್ಲ. ಎರಡು ಕಣ್ಣು ಒಂದೇ ವಸ್ತುವನ್ನು ಸ್ವಲ್ಪ ಬೇರೆ ಬೇರೆ ಕೋನದಿಂದ ನೋಡುತ್ತವೆ. ಆ ವ್ಯತ್ಯಾಸದಿಂದ ಮಿದುಳು ದೂರವನ್ನು ಲೆಕ್ಕ ಹಾಕುತ್ತದೆ. ದೂರದ ಚೆಂಡಿಗೆ ಒಂದು ಕಣ್ಣೂ ಸಾಕು: ಚೆಂಡು ಎಷ್ಟು ಬೇಗ ದೊಡ್ಡದಾಗುತ್ತಿದೆ ಎನ್ನುವುದೇ ಸುಳಿವು. ಕಷ್ಟವಿರುವುದು ಹತ್ತಿರದಲ್ಲಿ, ಕೊನೆಯ ಕೆಲವು ಗಜದಲ್ಲಿ, ಗುಂಪಿನ ಕಾಲುಗಳ ನಡುವಿನಿಂದ ಚೆಂಡು ಹೊರಬಿದ್ದಾಗ. ಜೊತೆಗೆ ಬಲಗಡೆಯ ಅಂಚು ಪೂರ್ತಿ ಕತ್ತಲು. ಆ ಕಡೆ ಯಾರು ನುಗ್ಗುತ್ತಿದ್ದಾರೆಂದು ತಿಳಿಯಬೇಕಾದರೆ ತಲೆ ತಿರುಗಿಸಬೇಕು, ತಿರುಗಿಸಿದರೆ ಎಡಗಡೆ ತಪ್ಪುತ್ತದೆ. ಇಷ್ಟೆಲ್ಲ ಇಟ್ಟುಕೊಂಡು 1977ರಲ್ಲಿ ಅಮೆರಿಕಕ್ಕೆ ಹೋಗಿ ಫೋರ್ಟ್ ಲಾಡರ್‌ಡೇಲ್ ಸ್ಟ್ರೈಕರ್ಸ್ ಪರ ಆಡಿ, ಆ ವರ್ಷ ಅಲ್ಲಿನ ಲೀಗಿನ ಶ್ರೇಷ್ಠ ಗೋಲ್‌ಕೀಪರ್ ಎನಿಸಿಕೊಂಡರು. ಗ್ವಾದಲಹಾರದ ಹತ್ತು ಸೆಕೆಂಡನ್ನು ತೋರಿಸುವವರು ಇದನ್ನು ಒಂದು ಸಾಲಿನಲ್ಲಿ ಹೇಳಿ ಮುಗಿಸುತ್ತಾರೆ. ನನಗೆ ಇದೇ ದೊಡ್ಡದು. ಸಾಧ್ಯವೆಂದರೆ ಒಂದೇ ರೀತಿಯಲ್ಲಿ: ಅವರು ಮೊದಲಿನಿಂದಲೂ ಕಣ್ಣಿಗಿಂತ ಮುಂಚೆ ಕಾಲಿನಿಂದ ಆಡುತ್ತಿದ್ದರು. ಚೆಂಡು ಎಲ್ಲಿಗೆ ಬರಲಿದೆಯೋ ಅಲ್ಲಿ ಮೊದಲೇ ಇರುತ್ತಿದ್ದರು. ಬೂಥೆನ್ ಎಂಡಿನಲ್ಲಿ ಅವರ ಬೆನ್ನ ಹಿಂದೆ ನಿಂತು ನೋಡಿದರೆ ಎಷ್ಟೋ ಸಲ ಎದುರಾಳಿ ನೇರವಾಗಿ ಅವರ ಎದೆಗೇ ಹೊಡೆದ ಹಾಗೆ ಕಾಣುತ್ತಿತ್ತು. ಪಕ್ಕದಲ್ಲಿದ್ದ ಹೊಸಬರು ಎದುರಾಳಿಯನ್ನು ಬೈಯುವರು. ಹಳಬರು ಮಾತ್ರ ಸುಮ್ಮನೆ ತಲೆದೂಗುವರು. ಎರಡು ಹೆಜ್ಜೆ ಮೊದಲೇ ಇಟ್ಟಿದ್ದನ್ನು ಅವರು ಕಂಡಿರುತ್ತಿದ್ದರು.

ಆಮೇಲಿನ ಬದುಕು ಸುಲಭವಾಗಿರಲಿಲ್ಲ. ಟೆಲ್‌ಫರ್ಡ್ ಯುನೈಟೆಡ್‌ಗೆ ಮ್ಯಾನೇಜರ್ ಆಗಿದ್ದು ಹೆಚ್ಚು ದಿನ ನಡೆಯಲಿಲ್ಲ. 2001ರಲ್ಲಿ ವಿಶ್ವಕಪ್ ಪದಕವನ್ನು ಹರಾಜಿಗಿಟ್ಟರು. 1,24,750 ಪೌಂಡ್ ಬಂತು. ಮಕ್ಕಳು ಮನೆ ಕೊಳ್ಳಲು ಸಹಾಯವಾಗಲಿ ಎಂದು ಮಾರಿದ್ದು. ಅವತ್ತು ಕೆಲವರು ಮೂಗು ಮುರಿದರು. ನನಗೆ ಆಗಲೂ ಈಗಲೂ ಅದರಲ್ಲಿ ಕುಂದು ಕಾಣುವುದಿಲ್ಲ. ಇವತ್ತಿನ ಗೋಲಿಗಳು ವಾರಕ್ಕೆ ಗಳಿಸುವುದನ್ನು ಅವರು ಇಡೀ ಆಟದ ಬದುಕಿನಲ್ಲಿ ಗಳಿಸಲಿಲ್ಲ. ಮಕ್ಕಳ ತಲೆ ಮೇಲೊಂದು ಸೂರಾದರೆ ಆ ಚಿನ್ನಕ್ಕೆ ಅದಕ್ಕಿಂತ ಒಳ್ಳೆಯ ಜಾಗ ಯಾವುದಿತ್ತು?

ಮತ್ತು ಅವರು ಈ ಸೀಮೆ ಬಿಟ್ಟು ಹೋಗಲಿಲ್ಲ. ಕಣ್ಣು ಹೋದದ್ದು ಈ ರಸ್ತೆಯಲ್ಲೇ. ಮತ್ತೆ ಅದೇ ರಸ್ತೆಗಳಲ್ಲಿ ಓಡಾಡಿಕೊಂಡು, ಸರ್ ಸ್ಟ್ಯಾನ್ಲಿ ಮ್ಯಾಥ್ಯೂಸ್ ನಂತರ ಕ್ಲಬ್ಬಿನ ಅಧ್ಯಕ್ಷರಾಗಿ, ಪಂದ್ಯದ ದಿನ ಸ್ಟ್ಯಾಂಡಿನಲ್ಲಿ ಕೋಟು ಹಾಕಿಕೊಂಡು ಕೂತಿರುತ್ತಿದ್ದರು. ಜನರ ಪ್ರೀತಿಯ ಬೇರು ಇಲ್ಲಿದೆ ಎಂದು ನನಗೆ ಅನ್ನಿಸುತ್ತದೆ. ಗೂಡುಗಳು ಆರಿದವು, ಗಣಿಗಳು ಮುಚ್ಚಿದವು, ಶೆಲ್ಟನ್‌ನ ಉಕ್ಕಿನ ಕಾರ್ಖಾನೆ ಹೋಯಿತು, ಸ್ಪೋಡ್ ಕಾರ್ಖಾನೆ 2008ರಲ್ಲಿ ಬಾಗಿಲು ಹಾಕಿತು. ಕೈಲಾದವರು ಊರು ಬಿಟ್ಟರು. ಎಲ್ಲಿಗೆ ಬೇಕಾದರೂ ಹೋಗಬಹುದಾಗಿದ್ದ ಬ್ಯಾಂಕ್ಸ್ ಉಳಿದರು.

4 ಮಾರ್ಚ್, ಸೋಮವಾರ, ಮಹಾಶಿವರಾತ್ರಿ

ಇವತ್ತು ಅಂತ್ಯಕ್ರಿಯೆ. ಮಾರ್ಚ್ 4. ಕಪ್ಪು ಗೆದ್ದು ಇವತ್ತಿಗೆ ಸರಿಯಾಗಿ 47 ವರ್ಷ.

ಬೆಳಿಗ್ಗೆ ಸ್ನಾನ, ಪೂಜೆ ಮುಗಿಸಿ ಉಪವಾಸದಲ್ಲೇ ಹೊರಟೆವು. ಇವಳೂ ಬಂದಳು. ಶವಯಾತ್ರೆ ಸ್ಟೇಡಿಯಂನಿಂದ ಹೊರಟು ಸ್ಟೋಕ್ ಮಿನ್ಸ್ಟರ್ ಚರ್ಚಿಗೆ ಬಂತು. ದಾರಿಯುದ್ದಕ್ಕೂ ಜನ. ಕಾರು ಹಾದುಹೋಗುವಾಗ ಚಪ್ಪಾಳೆ ಅದರ ಜೊತೆಯಲ್ಲೇ ಮುಂದೆ ಮುಂದೆ ಸಾಗಿತು. ಮಿನ್ಸ್ಟರ್‌ನ ಆವರಣದಲ್ಲೇ ಜೊಸಾಯ ವೆಜ್‌ವುಡ್‌ರ ಸಮಾಧಿಯೂ ಇದೆ. ಈ ಊರಿಗೆ ಲೋಕದಲ್ಲಿ ಹೆಸರು ತಂದವರಿಗೆಲ್ಲ ಇಲ್ಲಿ ಜಾಗವುಂಟು.

ಹೆಗಲು ಕೊಟ್ಟವರೆಲ್ಲ ಗೋಲ್‌ಕೀಪರ್‌ಗಳು. ಚೆಸ್ಟರ್‌ಫೀಲ್ಡ್‌ನ ಜೋ ಆನ್ಯನ್, ಲೆಸ್ಟರ್‌ನ ಕ್ಯಾಸ್ಪರ್ ಸ್ಮೈಕಲ್, ನಮ್ಮ ಜ್ಯಾಕ್ ಬಟ್‌ಲಂಡ್, ಇಂಗ್ಲೆಂಡಿಗೆ ಗೋಲಿಯಾಗಿದ್ದ ಜೋ ಹಾರ್ಟ್. ಬ್ಯಾಂಕ್ಸ್ ಆಡಿದ ಒಂದೊಂದು ಬಣ್ಣಕ್ಕೂ ಒಬ್ಬೊಬ್ಬ. ಇದನ್ನು ಯೋಚಿಸಿದವರು ಯಾರೋ, ಅವರಿಗೆ ಕೈ ಮುಗಿಯಬೇಕು. ಎತ್ತರದ ನಾಲ್ವರು, ಚೆಂಡು ಹಿಡಿದು ಪಳಗಿದ ಕೈಗಳು. 1966ರ ತಂಡದವರೂ ಬಂದಿದ್ದರು. ಹರ್ಸ್ಟ್ ಒಳಗೆ ಹೋಗುವುದನ್ನು ಕಂಡು ಪಕ್ಕದ ಮನೆಯವರು ನನ್ನ ತೋಳು ಒತ್ತಿದರು. ಬಾಯಿ ಬಿಟ್ಟು ಏನೂ ಹೇಳಲಿಲ್ಲ.

ಜನರ ನಡುವೆ ಸಿಟ್ಟಿನ ಮಾತೂ ಇತ್ತು, ಬರೆದಿಡುತ್ತೇನೆ. ಹರ್ಸ್ಟ್‌ಗೆ ಸರ್ ಪದವಿ ಬಂತು, ಬಾಬಿ ಚಾರ್ಲ್‌ಟನ್‌ಗೆ ಬಂತು, ತಂಡದ ಮ್ಯಾನೇಜರ್ ರ‍್ಯಾಮ್ಸೆಗೆ ಮೊದಲೇ ಬಂದಿತ್ತು. ಬ್ಯಾಂಕ್ಸ್‌ಗೆ 1970ರಲ್ಲಿ ಕೊಟ್ಟ ಓ.ಬಿ.ಇ. ಒಂದೇ. ಅವರಿಗೂ ಸರ್ ಕೊಡಿ ಎಂದು ಊರಿನವರು ವರ್ಷಗಟ್ಟಲೆ ಕೇಳಿದರು. ಆ ಗೌರವವನ್ನು ತೀರಿಕೊಂಡವರಿಗೆ ಕೊಡುವ ಪದ್ಧತಿಯಿಲ್ಲ. ಇನ್ನು ಆಗುವ ಮಾತಲ್ಲ. ಇದು ಅನ್ಯಾಯ. ಗೋಲು ಹೊಡೆದವನು ಕಾಣುತ್ತಾನೆ, ಬಿಡದವನು ಕಾಣುವುದಿಲ್ಲ ಎಂಬ ಹಳೆಯ ತಾರತಮ್ಯವೇ ಇದರಲ್ಲಿಯೂ ನಡೆದಿದೆ. 1966ರಲ್ಲಿ ಸೆಮಿಫೈನಲ್‌ನ ಕೊನೆಯಲ್ಲಿ ಯುಸೇಬಿಯೋ ಪೆನಾಲ್ಟಿ ಹೊಡೆಯುವವರೆಗೆ ಆ ವಿಶ್ವಕಪ್‌ನಲ್ಲಿ ಇಂಗ್ಲೆಂಡಿಗೆ ಯಾರೂ ಒಂದು ಗೋಲನ್ನೂ ಹೊಡೆದಿರಲಿಲ್ಲ. ಆ ಪಂದ್ಯಗಳೆಲ್ಲ ಹರ್ಸ್ಟ್‌ನ ಮೂರು ಗೋಲಿಗೆ ದಾರಿ ಮಾಡಿಕೊಟ್ಟವು ಎಂದು ಯಾರು ನೆನೆಯುತ್ತಾರೆ?

ಈಗ ರಾತ್ರಿ ಒಂದೂವರೆ. ಜಾಗರಣೆ. ಇವಳು ರುದ್ರ ಹಾಕಿಕೊಂಡು ಕೂತಿದ್ದಾಳೆ. ನಾನು ಇಲ್ಲಿ ಬರೆಯುತ್ತಿದ್ದೇನೆ. ಹೊರಗೆ ಬೀದಿಯಲ್ಲಿ ಪಬ್ಬಿನಿಂದ ಬಂದ ಹುಡುಗರು ಒಂದು ಸುತ್ತು ಹಾಡಿ ಹೋದರು. 1972ರಲ್ಲಿ ಅವರ ಅಪ್ಪಂದಿರೂ ಹುಟ್ಟಿದ್ದರೋ ಇಲ್ಲವೋ, ಹಾಡಿದ್ದು ಮಾತ್ರ ಬ್ಯಾಂಕ್ಸ್ ಹೆಸರು ಹಿಡಿದು.

9 ಮಾರ್ಚ್, ಶನಿವಾರ

ಮಗಳು ಮೊಮ್ಮಗನನ್ನು ಬಿಟ್ಟುಹೋಗಿದ್ದಾಳೆ. ಹನ್ನೊಂದು ವರ್ಷ. ಭಾನುವಾರದ ಹುಡುಗರ ಲೀಗಿನಲ್ಲಿ ಅವನೇ ಗೋಲಿ. ಅವನಿಗೆ ಗ್ವಾದಲಹಾರದ ಆ ತುಣುಕನ್ನು ನಿಲ್ಲಿಸಿ ನಿಲ್ಲಿಸಿ ತೋರಿಸಿದೆ.

ಮಧ್ಯಾಹ್ನ ಹನ್ನೆರಡಕ್ಕೆ ಶುರುವಾದ ಪಂದ್ಯ ಅದು, ಯೂರೋಪಿನ ಟಿ.ವಿ.ಗೆ ಅನುಕೂಲವಾಗಲೆಂದು. ಸುಡುಬಿಸಿಲು, ಎತ್ತರದ ಪ್ರದೇಶ, ಕಲ್ಲಿನಂಥ ನೆಲ. ಜೈರ್‌ಜಿನ್ಹೋ ಬಲಬದಿಯಲ್ಲಿ ಟೆರಿ ಕೂಪರನ್ನು ದಾಟಿದಾಗ ಬ್ಯಾಂಕ್ಸ್ ಹತ್ತಿರದ ಕಂಬದ ಬಳಿ ಇದ್ದಾರೆ. ಚೆಂಡು ತಲೆ ಮೇಲೆ ಹಾದು ದೂರದ ಕಂಬದ ಕಡೆ ಹೋಗುತ್ತಿದೆ. "ಇಲ್ಲಿ ನೋಡು, ಪೆಲೆ ಇನ್ನೂ ಹೊಡೆದಿಲ್ಲ. ಇವರು ಆಗಲೇ ಓಡುತ್ತಿದ್ದಾರೆ" ಎಂದೆ. ಪೆಲೆ ಚೆಂಡನ್ನು ಗೋಲಿನ ಗೆರೆಗಿಂತ ಸ್ವಲ್ಪ ಮುಂದೆ ನೆಲಕ್ಕೆ ಹೊಡೆದರು. ಗೋಲ್‌ಕೀಪರ್‌ಗೆ ಅದಕ್ಕಿಂತ ಕಷ್ಟದ್ದಿಲ್ಲ. ಗಟ್ಟಿ ನೆಲದಿಂದ ಚೆಂಡು ಎಷ್ಟು ಎತ್ತರ ಪುಟಿಯುತ್ತದೆ ಎಂದು ಬ್ಯಾಂಕ್ಸ್ ದಿನವೂ ಅಭ್ಯಾಸ ಮುಗಿದ ಮೇಲೆ ಜೊತೆಗಾರರನ್ನು ನಿಲ್ಲಿಸಿಕೊಂಡು ಹೊಡೆಸಿ ಹೊಡೆಸಿ ನೋಡಿದ್ದರು. ಕೆಳಗೆ ಬೀಳುತ್ತ, ಪುಟಿದು ಮೇಲೇಳುವ ಚೆಂಡಿನ ತಳಕ್ಕೆ ಬಲಗೈ ತಾಗಿಸಿ ಮೇಲಕ್ಕೆ ಎತ್ತಿದರು. ಅದೃಷ್ಟ ಎನ್ನುವವರು ಆ ಅಭ್ಯಾಸದ ಸಂಜೆಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಹುಡುಗ ಕೇಳಿದ: "ತಾತ, ಯಾಕೆ ಹಿಡಿದುಕೊಳ್ಳಲಿಲ್ಲ?" ಅವತ್ತು ನಾಯಕ ಬಾಬಿ ಮೂರ್ ಕೂಡ ಕಾರ್ನರ್‌ಗೆ ನಿಲ್ಲುವಾಗ, ನಿನಗೆ ವಯಸ್ಸಾಯಿತು, ಮೊದಲೆಲ್ಲ ಹಿಡಿಯುತ್ತಿದ್ದೆ ಎಂದು ರೇಗಿಸಿದರು ಎಂದು ಹೇಳಿದೆ. ಅದರಲ್ಲಿ ಅವನಿಗೆ ನಗು ಬರಲಿಲ್ಲ. ಪರದೆಯ ಹತ್ತಿರ ಹೋಗಿ ಬೆರಳಿಟ್ಟು, ಮೊದಲ ಹೆಜ್ಜೆ ಯಾವ ಕಾಲಿನಿಂದ ಶುರುವಾಯಿತು ಎಂದು ನೋಡತೊಡಗಿದ. ಹಿಂದಕ್ಕೆ ಓಡಿಸು, ಇನ್ನೊಮ್ಮೆ, ಇನ್ನೊಮ್ಮೆ. ಆಮೇಲೆ ಹಜಾರದಲ್ಲಿ ಎರಡು ಕುರ್ಚಿ ಇಟ್ಟು, ಒಂದರಿಂದ ಇನ್ನೊಂದಕ್ಕೆ ಅಡ್ಡ ಹೆಜ್ಜೆ ಹಾಕುತ್ತ ಅಜ್ಜಿಯ ಕೈಯಿಂದ ಟೆನಿಸ್ ಚೆಂಡನ್ನು ನೆಲಕ್ಕೆ ಹಾಕಿಸಿಕೊಂಡ.

ಬ್ಯಾಂಕ್ಸ್ ಚೂಯಿಂಗ್ ಗಮ್ ಅಗಿದು ಅಂಗೈಗೆ ಎಂಜಲು ಹಚ್ಚಿಕೊಂಡು ಚೆಂಡು ಜಾರದ ಹಾಗೆ ಮಾಡಿಕೊಳ್ಳುತ್ತಿದ್ದರು ಎಂದು ಹೇಳಿದ್ದೇ ತಡ, ಅವನಿಗೂ ಗಮ್ ಬೇಕಾಯಿತು. ಕೈಗೆ ಗ್ಲೌಸ್ ಇದೆಯಲ್ಲೋ ಎಂದರೆ ಕೇಳುತ್ತಿಲ್ಲ. ನಾಳೆ ಹತ್ತಕ್ಕೆ ಲಾಂಗ್‌ಟನ್‌ನಲ್ಲಿ ಅವನ ಪಂದ್ಯ. ದಾರಿಯಲ್ಲಿ ಅಂಗಡಿಯಿದೆ, ಒಂಬತ್ತಕ್ಕೇ ಹೊರಡಬೇಕು, ಪಕ್ಕದ ಮನೆಯವರೂ ಬರುತ್ತೇನೆ ಎಂದಿದ್ದಾರೆ.